ಬಾಬಿನ್ ಮತ್ತು ವಠಾರದ ತೊಟ್ಟಿ

ಶ್ರೀನಾಥನ ಆಟೋದ ಹಿಂದಿನ ಸೀಟು ಇವತ್ತಿಗೂ ಹರಿದೇ ಇದೆ. ಹಲಸೂರಿನಲ್ಲಿ ಆಟೋಗಳಿಗೆ ಟಾಪು, ಸೀಟು ಹೊಲಿಯುವ ಮುನಿನಾರಾಯಣಪ್ಪ ಅದನ್ನು ಮುಟ್ಟುವುದಿಲ್ಲ. ಬೇರೆ ಯಾರಾದರೂ ಮುಟ್ಟಿದರೆ ಅವರ ಹತ್ತಿರವೂ ಮಾತು ಬಿಡುತ್ತಾನೆ. ಶ್ರೀನಾಥ ಬಾಣಸವಾಡಿಯಿಂದ ಬಂದು ಕೈ ಮುಗಿದದ್ದೂ ಆಯಿತು. ಒಂದು ಸಲ ಬಾಳೆಹಣ್ಣು ತಂದ. ಮುನಿನಾರಾಯಣಪ್ಪ ಹಣ್ಣು ತಿಂದು, ಸಿಪ್ಪೆಯನ್ನು ಅವನ ಕೈಗೇ ಕೊಟ್ಟು, "ಈಗ ಹೊರಡು" ಅಂದ.

ವಿಷಯ ಇಷ್ಟೇ. ಶ್ರೀನಾಥನ ಮನೆ ಹತ್ತಿರ ಬೀದಿನಾಯಿಯೊಂದು ಮರಿ ಹಾಕಿತ್ತು. ಅದರಲ್ಲೊಂದನ್ನು ಅವನು ಆಟೋದಲ್ಲಿ ಕೂರಿಸಿಕೊಂಡು ಬಂದು ಮುನಿನಾರಾಯಣಪ್ಪನ ಹೊಲಿಗೆ ಮೆಷಿನ್ನಿನ ಪಕ್ಕ ಇಳಿಸಿದ. "ಸೂಜಿಗೀಜಿ ಹಾಕ್ಸಿದೀಯೇನೋ?" ಎಂದು ಇವನು ಕೇಳಿದ್ದು ನಿಜ. "ಎಲ್ಲಾ ಆಗೋಗಿದೆ ಗುರು, ನೀನ್ ಅನ್ನ ಹಾಕು ಸಾಕು" ಎಂದು ಅವನು ಹೇಳಿದ್ದೂ ನಿಜ. ಎಲ್ಲಾ ಅಂದರೆ ಏನೇನು ಎಂದು ಇವನು ಕೇಳಲಿಲ್ಲ. ಅವನು ಹೇಳಲಿಲ್ಲ.

ಮುನಿನಾರಾಯಣಪ್ಪ ಕೋಪಿಷ್ಠ. ಇದು ಬೀದಿಗೆಲ್ಲ ಗೊತ್ತಿರುವ ಸಂಗತಿ. ದಾರ ಕಡಿದರೆ ಮೆಷಿನ್ನಿನ ವಂಶವನ್ನೆಲ್ಲ ಎತ್ತಿ ಬೈಯುತ್ತಾನೆ. ಮಳೆ ಬಂದರೆ ಮಳೆಗೆ, ನಿಂತರೆ ನಿಂತದ್ದಕ್ಕೆ. ಮರಿಗೂ ಮೊದಲ ದಿನವೇ ಬೈದ. ಅದು ಹೋಗಿ ಮೆಷಿನ್ನಿನ ಕೆಳಗೆ, ಅವನು ಕಾಲಿಡುವ ಪೆಡಲಿನ ಮೇಲೆಯೇ ಮಲಗಿತು. ತುಳಿದರೆ ಮರಿ ಮೇಲೆ ಹೋಗುವುದು, ಕೆಳಗೆ ಬರುವುದು, ತೊಟ್ಟಿಲಿನ ಹಾಗೆ. ಅದಕ್ಕೆ ನಿದ್ದೆ ಬಂದುಬಿಟ್ಟಿತು. ಅವತ್ತಿನಿಂದ ಅವನು ಪೆಡಲಿನ ಒಂದು ಮೂಲೆಯಲ್ಲಿ ಒಂದೇ ಕಾಲಿಟ್ಟು ಹೊಲಿಯುವುದನ್ನು ಕಲಿತ. ಸೊಂಟ ನೋಯುತ್ತದೆಂದು ಹೆಂಡತಿ ಧನಲಕ್ಷ್ಮಿ ಕೈಯಲ್ಲಿ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದ. ಮೆಷಿನ್ನಿನೊಳಗೆ ದಾರ ಸುತ್ತಿಡುವ ಉರುಳೆಯ ಹೆಸರನ್ನೇ ಮರಿಗೂ ಇಟ್ಟ, ಬಾಬಿನ್ ಎಂದು. ಯಾರಾದರೂ "ನಿಮ್ ನಾಯಿನಾ?" ಎಂದರೆ, "ನಂದಲ್ಲ, ಮೆಷಿನ್ನಿಂದು" ಎನ್ನುತ್ತಿದ್ದ.

ಒಂದು ದಿನ ಬಾಬಿನ್ ಪೆಡಲಿನಿಂದ ಇಳಿದು ಗೋಡೆಯ ಮೂಲೆಯಲ್ಲಿ ಮುದುಡಿಕೊಂಡಿತು. ವಾಂತಿ ಮಾಡಿತು. ರೆಕ್ಸಿನ್ ಚೂರು ತಿಂದಿರಬೇಕು ಎಂದು ಅವನು ಬೈದ. ಸಂಜೆಗೆ ಭೇದಿ ಶುರುವಾಯಿತು. ಅದರಲ್ಲಿ ರಕ್ತವಿತ್ತು. ಆ ನಾತ ಮುನಿನಾರಾಯಣಪ್ಪ ಹಿಂದೆಂದೂ ಮೂಸಿರದ ನಾತ. ಅವನು ಬೈಯುವುದನ್ನು ನಿಲ್ಲಿಸಿದ. ಅದನ್ನು ನೋಡಿ ಧನಲಕ್ಷ್ಮಿಗೆ ಗಾಬರಿಯಾಯಿತು.

ಇಂದಿರಾನಗರದ ಒಂದು ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಮರಿಯನ್ನು ನೋಡಿ, "ಇದು ಪಾರ್ವೋ, ಮರಿಗಳಿಗೆ ಬರೋ ವೈರಸ್ ಕಾಯಿಲೆ. ವ್ಯಾಕ್ಸಿನ್ ಯಾವಾಗ ಹಾಕ್ಸಿದ್ರಿ?" ಅಂದರು.

"ಎಲ್ಲಾ ಆಗಿದೆ" ಅಂದ ಮುನಿನಾರಾಯಣಪ್ಪ.

"ಎಲ್ಲಾ ಅಂದ್ರೆ?"

ಅವನು ಅಲ್ಲೇ ನಿಂತು ಶ್ರೀನಾಥನಿಗೆ ಫೋನ್ ಮಾಡಿದ.

"ಎಲ್ಲಾ ಆಗಿದೆ ಅಂದಿದ್ದೆ ಅಲ್ವೇನೋ?"

"ಆಗಿತ್ತಲ್ಲ ಗುರು. ಹುಳದ ಔಷಧಿ ಕುಡ್ಸಿದ್ದೆ."

"ಆಮೇಲೆ?"

"ಆಮೇಲೆ ಏನು... ಸ್ನಾನ ಮಾಡ್ಸಿದ್ದೆ."

ಮುಂದಿನ ಮಾತುಗಳನ್ನು ಕೇಳಿ, ಬೆಕ್ಕು ಹಿಡಿದು ಕೂತಿದ್ದ ಹೆಂಗಸೊಬ್ಬಳು ಎದ್ದು ಹೊರಗೆ ಹೋದಳು. ಡಾಕ್ಟರಮ್ಮ ಅವನ ಮಾತು ಮುಗಿಯುವವರೆಗೆ ಕಾದು, ಮರಿಗೆ ಇಂಜೆಕ್ಷನ್ ಕೊಟ್ಟು, ಹೇಳಬೇಕಾದ್ದನ್ನು ಹೇಳಿದರು. ಕ್ಲಿನಿಕ್ಕಿನಲ್ಲಿ ಬೇರೆ ರೂಮಿಲ್ಲ, ಉಳಿದ ಮರಿಗಳಿಗೆ ಅಂಟುತ್ತದೆ, ಮನೆಯಲ್ಲೇ ನೋಡಿಕೊಳ್ಳಬೇಕು. ವಾಂತಿ ನಿಲ್ಲುವವರೆಗೂ ಬಾಯಿಗೆ ಏನೂ ಹಾಕಬಾರದು. ಬೆಳಿಗ್ಗೆ ಸಂಜೆ ತಪ್ಪದೆ ಚರ್ಮದ ಕೆಳಗೆ ಡ್ರಿಪ್ ಹೋಗಬೇಕು. ಮೈ ಬೆಚ್ಚಗಿರಬೇಕು. ಮಲಗಿದ ಜಾಗವನ್ನು ಪ್ರತಿ ಸಲವೂ ತೊಳೆಯಬೇಕು.

"ಫಿನಾಯಿಲ್ ಇದೆ ಮನೇಲಿ" ಅಂದ.

"ಫಿನಾಯಿಲ್‌ಗೆ ಇದು ಸಾಯಲ್ಲ. ಬ್ಲೀಚಿಂಗ್ ಪೌಡರ್ ಕಲಸಿದ ನೀರಲ್ಲಿ ತೊಳೀರಿ. ಆಮೇಲೆ ಒಳ್ಳೆ ನೀರು ಹಾಕಿ."

"ಉಳಿಯುತ್ತಾ ಮೇಡಂ?"

"ಮೈಯಲ್ಲಿ ನೀರು ನಿಂತ್ರೆ ಉಳಿಯುತ್ತೆ. ಒಂದು ಹೊತ್ತಿನ ಡ್ರಿಪ್ಪೂ ತಪ್ಪಿಸ್ಬೇಡಿ."

ಡ್ರಿಪ್ ಹಾಕುವುದನ್ನು ಅವರು ತೋರಿಸಿಕೊಟ್ಟರು. ಹೆಗಲ ನಡುವಿನ ಚರ್ಮವನ್ನು ಎರಡು ಬೆರಳಲ್ಲಿ ಎತ್ತುವುದು, ಆ ಮಡಿಕೆಯೊಳಗೆ ಸೂಜಿ ತೂರಿಸುವುದು. ಟಾಪು ಹೊಲಿಯುವವನಿಗೆ ಇದರಲ್ಲಿ ಕಷ್ಟ ಏನೂ ಕಾಣಲಿಲ್ಲ. ಎರಡು ಮಡಿಕೆ ರೆಕ್ಸಿನ್ನಿಗೆ ದಬ್ಬಣವನ್ನು ಕಣ್ಣು ಮುಚ್ಚಿಕೊಂಡು ತೂರಿಸುವ ಆಸಾಮಿ ಅವನು.

ಮನೆಗೆ ಬಂದು ಗೋಡೆಯ ಮೊಳೆಯಲ್ಲಿದ್ದ ಮಾರಮ್ಮನ ಕ್ಯಾಲೆಂಡರ್ ತೆಗೆದು ಅಲ್ಲಿಗೆ ಬಾಟಲಿ ನೇತುಹಾಕಿದ. ಚರ್ಮ ಎತ್ತಿದ. ಸೂಜಿ ಹಿಡಿದ. ಬಾಬಿನ್ ಅವನ ಮುಖ ನೋಡಿತು. ಸೂಜಿ ಚರ್ಮದ ಹತ್ತಿರ ಹೋಗಿ ಅಲ್ಲೇ ನಿಂತಿತು. ಸೂಜಿಗೆ ಬೈದ, ಕೈಗೆ ಬೈದ, ಸೂಜಿ ಒಳಗೆ ಹೋಗಲಿಲ್ಲ.

"ಸೂಜಿ ಹಿಡ್ಕೊಂಡು ಸ್ಟ್ಯಾಚ್ಯೂ ಥರ ಕೂತಿದೀರಲ್ಲ" ಅಂದಳು ಧನಲಕ್ಷ್ಮಿ. "ಇರಿ, ಆಪಾನ ಕರೀತೀನಿ."

ಆಪಾ ಅಂದರೆ ವಠಾರದ ಎದುರು ಮನೆಯ ನೂರುನ್ನೀಸಾ. ಶಿವಾಜಿನಗರದ ಕಡೆಯ ಹೆರಿಗೆ ಆಸ್ಪತ್ರೆಯೊಂದರಲ್ಲಿ ಮಂಡಿ ಹೋಗುವವರೆಗೂ ಆಯಾ ಆಗಿದ್ದು, ಸೂಜಿ ಹಾಕುವುದನ್ನೂ ಕಲಿತಿದ್ದವಳು. ಈಗ ಮಗ, ಸೊಸೆ ತಾಹೇರಾ ಜೊತೆ ಇದ್ದಳು. ಹಳೆಯ ನೈಟಿ ಹಾಕಿ, ದುಪಟ್ಟಾವನ್ನು ಮೂಗಿನವರೆಗೆ ಸುತ್ತಿ, ಕೈಗೆ ಗ್ಲೌಸ್ ತೊಟ್ಟು ಬಂದಳು.

"ಬಾಯಿ ಆ ಕಡೆ ತಿರುಗ್ಸು ನಾರಾಯಣಪ್ಪ. ನನ್ ಮೇಲೆ ನೆಕ್ಕದಂಗೆ ಹಿಡ್ಕೋ."

"ಕಚ್ಚಲ್ಲ ಆಪಾ. ಅದು ನನ್ ಥರ ಅಲ್ಲ."

"ಕಚ್ಚೋದಕ್ಕೆ ಯಾರಪ್ಪ ಹೆದರ್ತಾರೆ? ಹಿಡ್ಕೋ ಅಂದ್ರೆ ಹಿಡ್ಕೋ."

ಸೂಜಿ ಹೋದದ್ದು ಬಾಬಿನ್‌ಗೇ ಗೊತ್ತಾಗಲಿಲ್ಲ. ನೀರಿಳಿಯುತ್ತ ಇಳಿಯುತ್ತ ಹೆಗಲ ಮೇಲೊಂದು ಉಬ್ಬು ಎದ್ದಿತು. "ನೋಡು, ನಾಯಿ ತಂದಿದ್ದೆ, ಗೂಳಿ ಆಗೋಯ್ತು" ಎಂದು ನಕ್ಕು, ಮಂಡಿ ಹಿಡಿದುಕೊಂಡು ಎದ್ದು, ಕೊಟ್ಟ ಕಾಫಿಯನ್ನೂ ಮುಟ್ಟದೆ ಹೋದಳು. ಅಸಹ್ಯ ಪಟ್ಟುಕೊಂಡಳು ಎಂದು ಮುನಿನಾರಾಯಣಪ್ಪ ತಿಳಿದ. ಅದನ್ನು ಮನಸ್ಸಿನಲ್ಲಿಟ್ಟುಕೊಂಡ.

ಬೆಳಿಗ್ಗೆ ಸಂಜೆ ಬಂದಳು. ಪ್ರತಿ ಸಲವೂ ಅದೇ ಮಾತು, ಬಾಯಿ ತಿರುಗ್ಸು. ಪ್ರತಿ ಸಲವೂ ಕಾಫಿ ಬೇಡ. ಮುನಿನಾರಾಯಣಪ್ಪ ಅಂಗಡಿ ಮುಚ್ಚಿ ಮನೆಯಲ್ಲೇ ಕೂತ. ಗೋಣಿಚೀಲ ಬದಲಾಯಿಸುವುದು, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಮರಿಯ ಹೊಟ್ಟೆಗೆ ಒತ್ತಿಡುವುದು, ಬ್ಲೀಚಿಂಗ್ ಪೌಡರ್ ಕಲಸಿ ತೊಳೆಯುವುದು. ಅವನ ಬೆರಳುಗಳ ಚರ್ಮ ಸುಲಿಯಿತು. ಬಾಬಿನ್ ಮಾತ್ರ ಹಾಗೇ ಬಿದ್ದಿತ್ತು. ಮೊದಲಾದರೆ ಮೆಷಿನ್ ಸದ್ದು ಕೇಳಿದರೆ ಕಿವಿ ಎತ್ತುತ್ತಿತ್ತು. ಅವನು ಬಾಯಲ್ಲೇ ಕಟಕಟಕಟ ಎಂದು ಮೆಷಿನ್ ಸದ್ದು ಮಾಡಿ ನೋಡಿದ. ಕಿವಿ ಏಳಲಿಲ್ಲ. ಧನಲಕ್ಷ್ಮಿ ಅಡುಗೆಮನೆಯಿಂದ ಇಣುಕಿದಾಗ ಕೆಮ್ಮಿದಂತೆ ಮಾಡಿದ.

ವಠಾರಕ್ಕೆಲ್ಲ ಒಂದೇ ತೊಟ್ಟಿ. ಕಾವೇರಿ ನೀರು ದಿನ ಬಿಟ್ಟು ದಿನ. ನೀರು ಬರದ ಒಂದು ಬೆಳಿಗ್ಗೆ ರಕ್ತವಾದ ಗೋಣಿಚೀಲ ಹಿಡಿದು ಹೋಗಿ ನೋಡುತ್ತಾನೆ, ತೊಟ್ಟಿಯ ತಳ ಕಾಣುತ್ತಿದೆ. ನೂರುನ್ನೀಸಾಳ ಬಾಗಿಲಲ್ಲಿ ಬಕೆಟ್ಟುಗಳ ಸಾಲು, ತಂತಿಯ ಮೇಲೆ ತೊಟ್ಟಿಕ್ಕುವ ಬಟ್ಟೆಗಳ ಸಾಲು. ಒಳಗೆ ಬಚ್ಚಲಲ್ಲಿ ಆಗಲೂ ನೀರು ಸುರಿಯುವ ಸದ್ದು.

ವಠಾರದ ನಡುವೆ ನಿಂತು ಕೂಗಿದ.

"ಏನ್ರೀ, ಒಳಗೆ ಎಮ್ಮೆ ಕಟ್ಟಿದೀರಾ? ದಿನಕ್ಕೆ ಎಷ್ಟು ಸಲ ಮೈ ತೊಳೀತೀರಾ? ಇಲ್ಲೊಂದು ಜೀವ ಹೋಗ್ತಾ ಇದೆ, ನಿಮ್ಗೆ ಸ್ನಾನದ ಶೋಕಿ! ನಾಚಿಕೆ ಆಗ್ಬೇಕು!"

ಎಲ್ಲ ಬಾಗಿಲುಗಳೂ ತೆರೆದವು. ನೂರುನ್ನೀಸಾಳ ಬಾಗಿಲೊಂದು ಮಾತ್ರ ತೆರೆಯಲಿಲ್ಲ. ಬಚ್ಚಲ ಸದ್ದು ನಿಂತಿತು. ಅಷ್ಟೇ.

ಅಂದಿನ ಸಂಜೆ ನೂರುನ್ನೀಸಾ ಬರಲಿಲ್ಲ.

ಬಾಟಲಿ ಮೊಳೆಯಲ್ಲಿ ನೇತಾಡುತ್ತಿತ್ತು. ಬಾಬಿನ್‌ನ ಒಸಡು ಬೆಳ್ಳಗಾಗಿತ್ತು. ಮೈಯಲ್ಲಿ ನೀರು ಬತ್ತಿ, ಎತ್ತಿದ ಚರ್ಮ ಎತ್ತಿದ ಹಾಗೇ ನಿಲ್ಲುತ್ತಿತ್ತು. ಅವನು ಸೂಜಿ ಹಿಡಿದ, ಇಟ್ಟ.

"ಹೋಗಿ ಕರ್ಕೊಂಡ್ ಬಾರೇ" ಅಂದ.

"ಬಾಯಿ ನಿಮ್ದು. ಕಾಲೂ ನಿಮ್ದೇ ಆಗ್ಲಿ" ಅಂದಳು ಧನಲಕ್ಷ್ಮಿ. "ತೊಟ್ಟಿ ಖಾಲಿ ಮಾಡಿದ್ದು ಯಾರು ಅಂದ್ಕೊಂಡ್ರಿ? ನೀವ್ ತೊಳೆದ ತೊಳೆತಕ್ಕೆ ಹಲಸೂರು ಕೆರೇನೇ ಬತ್ತೋಗ್ತಿತ್ತು."

ಅವನು ಎದುರು ಮನೆಯ ಬಾಗಿಲು ತಟ್ಟಿದ. ಸೊಸೆ ತಾಹೇರಾ ತೆರೆದಳು. ಅವನನ್ನು ನೋಡಿ ಅವಳ ಮುಖ ಬಿಗಿಯಿತು.

"ಆಪಾಗೆ ಕೋಪ ಬಂದಿದ್ರೆ, ಆ ನಾಯಿ ಏನ್ ಮಾಡ್ತಮ್ಮಾ?"

"ಕೋಪ ನಂಗೆ ಬಂದಿರೋದು ಅಂಕಲ್. ಅಮ್ಮೀಗಲ್ಲ. ಅವ್ರಿಗೆ ನೀರಿಲ್ಲ."

"ನೀರ್ ಯಾಕೆ?"

"ಯಾಕೆ ಅಂತೀರಲ್ಲ! ನಾಯಿ ಎಂಜ್ಲು, ಅದರ ರಕ್ತ, ಎಲ್ಲಾ ಮೈಮೇಲೆ. ಹಂಗೇ ನಮಾಜ್‌ಗೆ ನಿಂತ್ಕೊಳ್ಳೋಕಾಗುತ್ತಾ? ನಿಮ್ ಮನೆಯಿಂದ ಬಂದಾಗೆಲ್ಲ ಬಟ್ಟೆ ಒಗ್ದು, ತಲೆಯಿಂದ ಕಾಲ್ವರ್ಗೂ ತೊಳ್ಕೋತಾರೆ. ಆ ಮಂಡೀಲಿ, ತಣ್ಣೀರಲ್ಲಿ. ಬೆಳಿಗ್ಗೆ ನೀವ್ ಎಮ್ಮೆ ಅಂದ್ರಲ್ಲ, ಆಗ್ಲೂ ನಿಮ್ ನಾಯೀದೇ ತೊಳ್ಕೊತಾ ಇದ್ರು."

ಒಳಗಿನಿಂದ ನೂರುನ್ನೀಸಾಳ ದನಿ ಬಂತು. "ಸಾಕು ಸುಮ್ನಿರೇ. ನಾರಾಯಣಪ್ಪಾ, ಎರಡು ಬಕೆಟ್ ನೀರು ಸಿಕ್ಕಿದ್ರೆ ನೋಡು. ಈಗ್ಲೇ ಬಂದ್ಬಿಡ್ತೀನಿ. ಮಗ್ರಿಬ್ ನಮಾಜ್‌ಗೆ ಇನ್ನೂ ಹೊತ್ತೈತೆ."

ಮುನಿನಾರಾಯಣಪ್ಪನಿಗೆ ಬೈಯಲು ಯಾರೂ ಸಿಗಲಿಲ್ಲ. ಬಿಂದಿಗೆಗಳನ್ನು ಹಿಡಿದು ಬೀದಿಯ ಕೊನೆಯ ಮಾರಮ್ಮನ ಗುಡಿಗೆ ಓಡಿದ. ಅಲ್ಲಿ ಬೋರ್‌ವೆಲ್ ಇತ್ತು. ಗುಡಿ ಕಾಯುವ ರಾಮಯ್ಯ, "ಯಾರಿಗಯ್ಯ ಇಷ್ಟೊತ್ತಲ್ಲಿ ನೀರು?" ಅಂದ.

"ನಾಯಿಗೆ" ಅಂದ. ಸುಳ್ಳೇನಲ್ಲ.

ನೀರು ತಂದು ಅವಳ ಬಾಗಿಲಲ್ಲಿಟ್ಟು, ಏನೋ ಹೇಳಲು ಬಾಯಿ ತೆರೆದ. "ಬಿಂದಿಗೆ ವಾಪಸ್ ಬೇಕು" ಎಂದು ಹೇಳಿ ಬಂದ.

ಅವಳು ಬಂದಳು. ಡ್ರಿಪ್ ಹೋಯಿತು. ಮಾರನೆಯ ಬೆಳಿಗ್ಗೆಯೂ ಹೋಯಿತು. ಅವಳು ಬರುವ ಮುಂಚೆಯೇ ಗುಡಿಯ ನೀರು ಅವಳ ಬಾಗಿಲಲ್ಲಿರುತ್ತಿತ್ತು. ವಾಂತಿ ಕಡಿಮೆಯಾಯಿತು. ಆಮೇಲೆ ನಿಂತಿತು. ರಕ್ತವೂ ನಿಂತಿತು. ಡಾಕ್ಟರಮ್ಮ ಫೋನಿನಲ್ಲಿ ಹೇಳಿದಂತೆ ಚಮಚದಲ್ಲಿ ಒಂದೊಂದೇ ಗುಟುಕು ನೀರು ಕೊಟ್ಟರು. ಅದು ಒಳಗೇ ನಿಂತಿತು.

ಒಂದು ಸಂಜೆ ನೂರುನ್ನೀಸಾ ಸೂಜಿ ತೆಗೆದು, ಗ್ಲೌಸ್ ಕಳಚಿ, ಏಳಲು ಕೈಯನ್ನು ನೆಲಕ್ಕೆ ಊರಿದಳು. ಬಾಬಿನ್ ತಲೆ ಎತ್ತಿತು. ಎಲ್ಲಿಂದ ಬಂತೋ ಆ ಶಕ್ತಿ, ಕತ್ತು ಚಾಚಿ ಅವಳ ಬರಿಗೈಯನ್ನು ಬೆರಳಿಂದ ಮಣಿಕಟ್ಟಿನವರೆಗೂ ನೆಕ್ಕಿತು. ಮುನಿನಾರಾಯಣಪ್ಪ "ಏಯ್, ಏಯ್!" ಎಂದು ಎಳೆಯುವಷ್ಟರಲ್ಲಿ ಇನ್ನೊಂದು ಸಲ ನೆಕ್ಕಿತು.

ನೂರುನ್ನೀಸಾ ಕೈಯನ್ನು ದೂರ ಹಿಡಿದು ನೋಡಿಕೊಂಡಳು.

"ಬಿಡು, ಇನ್ನು ಸಾಯಲ್ಲ ನನ್ಮಗಂದು" ಅಂದಳು. ತೊಳೆದುಕೊಳ್ಳಲು ಹೋದಳು.

ಬಾಬಿನ್ ಪೆಡಲಿಗೆ ವಾಪಸಾಯಿತು. ಮುನಿನಾರಾಯಣಪ್ಪನ ಸೊಂಟನೋವು ವಾಪಸಾಯಿತು. ಒಂದು ಮಾತ್ರ ಉಳಿದುಬಿಟ್ಟಿತು. ವಠಾರದ ನಡುವೆ ಕೂಗಿ ಅಂದದ್ದನ್ನು ವಠಾರದ ನಡುವೆ ಕೂಗಿಯೇ ಹಿಂದಕ್ಕೆ ತೆಗೆದುಕೊಳ್ಳಬೇಕು, ಮನೆಯೊಳಗೆ ಗುಸುಗುಸು ಅಂದರೆ ಲೆಕ್ಕಕ್ಕಿಲ್ಲ. ಇದು ಅವನ ನಿಯಮ. ಹಾಗಾಗಿ ಒಂದು ಭಾನುವಾರ ಎಲ್ಲರೂ ಮನೆಯಲ್ಲಿರುವ ಹೊತ್ತು ನೋಡಿ ತೊಟ್ಟಿಯ ಪಕ್ಕ ನಿಂತ. ಗಂಟಲು ಸರಿಮಾಡಿಕೊಂಡ. ಜಗಳ ಶುರುವಾಯಿತೆಂದು ಎಲ್ಲ ಬಾಗಿಲುಗಳೂ ತೆರೆದವು. ನೂರುನ್ನೀಸಾಳೂ ಹೊಸಿಲಿಗೆ ಬಂದು ನಿಂತಳು.

"ಈ ಸ್ಕೂಟರ್ ಯಾವನ್ರೀ ದಾರೀಲಿ ನಿಲ್ಸಿರೋದು!" ಎಂದು ಕೂಗಿ ಒಳಗೆ ಹೋದ.

ಮಳೆಗಾಲ ಮುಗಿದ ಮೇಲೆ ನೂರುನ್ನೀಸಾಳ ಮಗ ಕೆ.ಆರ್. ಪುರದಲ್ಲಿ ಮನೆ ಮಾಡಿದ. ಸಾಮಾನು ಹೊತ್ತ ಟೆಂಪೋಗೆ ಮುನಿನಾರಾಯಣಪ್ಪನೇ ತಾಡಪಾಲು ಹೊದಿಸಿ ಹಗ್ಗ ಬಿಗಿದ. ಒಂದು ಹನಿ ನೀರಿಳಿಯದ ಹಾಗೆ ಬಿಗಿದ.

"ಬರ್ತೀನಪ್ಪ ನಾರಾಯಣಪ್ಪ" ಅಂದಳು.

"ಆಪಾ" ಅಂದ. "ದಾರೀಲಿ ಟಿನ್ ಫ್ಯಾಕ್ಟರಿ ಹತ್ರ ರೋಡ್ ಸರಿಯಿಲ್ಲ. ಡ್ರೈವರ್‌ಗೆ ನಿಧಾನಕ್ಕೆ ಹೋಗೋಕೆ ಹೇಳಿ."

ಈಗಲೂ ಆಗೊಮ್ಮೆ ಈಗೊಮ್ಮೆ ತಾಹೇರಾಳ ನಂಬರಿನಿಂದ ಫೋನ್ ಬರುತ್ತದೆ. "ಹೆಂಗೈತೆ ನಿನ್ ಗೂಳಿ?" ಎಂದು ನೂರುನ್ನೀಸಾ ಕೇಳುತ್ತಾಳೆ. ಅವನು ಮೆಷಿನ್ ನಿಲ್ಲಿಸುತ್ತಾನೆ. ಆಮೇಲೆ ಬಗ್ಗಿ, ಫೋನನ್ನು ಪೆಡಲಿನ ಹತ್ತಿರ ಹಿಡಿದು, "ಮಾತಾಡೋ" ಎಂದು ಬಾಬಿನ್‌ಗೆ ಗದರುತ್ತಾನೆ. ಅದು ಬೊಗಳುತ್ತದೆ. ಅವನು ಫೋನ್ ಇಟ್ಟುಬಿಡುತ್ತಾನೆ.