ಚಿಕ್ಕಸ್ವಾಮಿಯ ಮಾತ್ರೆ, ಮುದ್ದಮ್ಮನ ಎಲೆ

ಚಿಕ್ಕಸ್ವಾಮಿ ಎಂಬ ಹೆಸರು ಮುದ್ದಮ್ಮನ ಕಿವಿಗೆ ಮೊದಲು ಬಿದ್ದದ್ದು ತೊಂಬತ್ತಾರನೇ ಇಸವಿಯ ಆಷಾಢದಲ್ಲಿ. ನರಸೀಪುರದ ಬಸ್ ಸ್ಟ್ಯಾಂಡಿನ ಪಕ್ಕ ಇಡ್ಲಿ ಮಾರುತ್ತಿದ್ದ ಆಕೆಯ ಮುಂದೆ ಕಂಡಕ್ಟರ್ ನಾಗಯ್ಯ ಹೊಟ್ಟೆ ಹಿಡಿದು ನಗುತ್ತಾ ಬಂದು ಕೂತ.

"ನಮ್ ಹೊಸ ಡ್ರೈವರ್ ಚಿಕ್ಕಸ್ವಾಮಿ ಕತೆ ಕೇಳಕ್ಕ. ನಾಕ್ ದಿನದಿಂದ ಒಟ್ಟೆ ಕಟ್ಕಂಡಿತ್ತಂತೆ, ರಾತ್ರಿ ಅರಳೆಣ್ಣೆ ಕುಡ್ದವ್ನೆ. ಬೆಳಿಗ್ಗೆ ತಲಕಾಡ್ ರಸ್ತೇಲಿ ಬಸ್ ನಿಲ್ಸಿ, ಪೂಜೆಗೆ ಒಂಟಿದ್ದ ಅಜ್ಜಿ ಕೈಯಿಂದ ತಂಬಿಗೆ ಕಿತ್ಕಂಡು ಕಬ್ಬಿನ್ ಗದ್ದೆಗೆ ನುಗ್ಗದಾ! ನಲವತ್ ಜನ ಕಾಲ್ ಗಂಟೆ ಕಬ್ಬು ನೋಡ್ಕಂಡ್ ಕೂತಿದ್ವಿ."

ಮಾರನೆಯ ದಿನ ಆ ಮನುಷ್ಯನೇ ಬಂದ. ಮುಖ ಊದಿತ್ತು, ನಿದ್ದೆಗೆ ಕಣ್ಣು ಎಳೆಯುತ್ತಿತ್ತು, ಹೆಜ್ಜೆ ಭಾರವಾಗಿತ್ತು, ದನಿ ಕೊಡದೊಳಗಿಂದ ಬಂದ ಹಾಗಿತ್ತು. ಒಂದು ಇಡ್ಲಿ ತಿಂದು ಮೂರು ಸಲ ತೇಗಿದ. ಮುದ್ದಮ್ಮನಿಗೆ ಕನಿಕರವಾಯಿತು. ಎರಡು ವೀಳ್ಯದೆಲೆಗೆ ಧಾರಾಳವಾಗಿ ಸುಣ್ಣ ಸವರಿ, ಚಿಟಿಕೆ ಓಮ ಹಾಕಿ ಮಡಿಚಿಕೊಟ್ಟಳು.

"ಅಗಿಯಪ್ಪ. ಗ್ಯಾಸು ಊರು ಬುಟ್ ಓಗ್ಬೇಕು."

ಗ್ಯಾಸು ಊರು ಬಿಡದಿದ್ದರೂ ಸ್ವಲ್ಪ ದೂರ ಸರಿಯಿತು. ಅಂದಿನಿಂದ ಬೆಳಗಿನ ಟ್ರಿಪ್ಪಿಗೆ ಮೊದಲು ಅವಳ ಕೈಯ ಎಲೆ ಬಾಯಿಗೆ ಬೀಳದೆ ಅವನ ಬಸ್ಸು ಹೊರಡಲಿಲ್ಲ.

ಮರುವರ್ಷ ನಂಜನಗೂಡಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಥೈರಾಯ್ಡ್ ಕಡಿಮೆಯಾಗಿದೆ ಎಂದರು. ಏಳುತ್ತಲೇ ಖಾಲಿ ಹೊಟ್ಟೆಗೆ ಮಾತ್ರೆ. ಒಂದು ಗಂಟೆ ತಿಂಡಿ ಇಲ್ಲ, ಕಾಫಿ ಇಲ್ಲ. ಚಿಕ್ಕಸ್ವಾಮಿಗೆ ಕಾಯಿಲೆಗಿಂತ ನಾಚಿಕೆ ಹೆಚ್ಚಾಯಿತು.

"ಅಲ್ಲಿ ಥೈರಾಯ್ಡಿಗೆ ಅಂತ ಸಾಲಾಗಿ ಕೂತಿದ್ ಅನ್ನೊಂದ್ ಜನಾನೂ ಎಂಗಸ್ರೇ ಕಣಕ್ಕ. ಒಬ್ಳು, ನಿನ್ ಎಂಡ್ತಿ ಎಲ್ಲಪ್ಪಾ ಅಂತ ಕೇಳುದ್ಲು!"

ಆದರೂ ಹೇಳಿದ ಮಾತು ಮೀರಲಿಲ್ಲ. ಕಾಫಿ ಬಿಟ್ಟ. ಎಲೆ ತಿಂಡಿಯೂ ಅಲ್ಲ, ಕಾಫಿಯೂ ಅಲ್ಲವಲ್ಲ, ಅದನ್ನು ಬಿಡಲಿಲ್ಲ. ಮಾತ್ರೆ ನುಂಗಿ ಹತ್ತು ನಿಮಿಷಕ್ಕೆ ಎಲೆ ದವಡೆಗೆ ಹೋಗುತ್ತಿತ್ತು.

ಐವತ್ತರ ಮಾತ್ರೆ ನೂರಾಯಿತು, ನೂರು ನೂರೈವತ್ತಾಯಿತು, ತೂಕಡಿಕೆ ಮಾತ್ರ ಹೋಗಲಿಲ್ಲ. ಒಂದು ದಿನ ಬಸ್ಸು ರಸ್ತೆ ಬಿಟ್ಟು ಹುಲ್ಲಿನ ಮೆದೆಗೆ ಮೂಗು ತಾಗಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ಬಸ್ಸಿನ ಮಾಲೀಕ ಮಹದೇವಯ್ಯ ನೇರವಾಗಿ ಹೇಳಿಬಿಟ್ಟ: "ನಾಳೆಯಿಂದ ಸ್ಟೇರಿಂಗ್ ಮುಟ್ಬೇಡ. ಬಸ್ ತೊಳ್ಕಂಡಿರು. ಮೂರ್ ತಿಂಗಳಲ್ಲಿ ಸರಿ ಆದ್ರೆ ನೋಡಾನ."

ಅಲ್ಲಿ ಇಲ್ಲಿ ಸೇರಿ ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡಿದ ಕೈ ಪೊರಕೆ ಹಿಡಿಯಿತು. ಮುದ್ದಮ್ಮ ಪಾಪ ಎಂದುಕೊಂಡು ಎಲೆಗೆ ಇನ್ನಷ್ಟು ಸುಣ್ಣ ಸವರಿದಳು.

ಆ ವಾರವೇ ಅವನು ನಂಜನಗೂಡಿಗೆ ಹೋಗಿ ಬಂದ. ಅವಳು ಚಾಚಿದ ಎಲೆಯನ್ನು ಬಾಯಿಗೆ ಹಾಕದೆ ಬೆಂಚಿನ ಮೇಲೇ ಇಟ್ಟ. ಕಾರಣ ಹೇಳಿದವನು ನಾಗಯ್ಯ.

"ಎದ್ದಾಗಿಂದ ಏನೇನ್ ಬಾಯ್ಗಾಕ್ತೀಯ, ಒಂದೂ ಬಿಡ್ದೆ ಏಳು ಅಂದ್ರಂತೆ ಡಾಕ್ಟ್ರು. ಇವ್ನು ನಿನ್ ಎಲೆ ವಿಷ್ಯ ಏಳವ್ನೆ. ಸುಣ್ಣ ಮಾತ್ರೇನ ಒಟ್ಟೇಲೇ ಕಟ್ಟಾಕ್ಬುಡ್ತದಂತೆ. ಗ್ಯಾಸಿನ್ ಔಸ್ತಿನೂ ಅಂಗೇ. ಎಲ್ಡೂ ಮಾತ್ರೆಯಿಂದ ನಾಕ್ ಗಂಟೆ ದೂರ ಇರ್ಬೇಕಂತೆ."

ಮುದ್ದಮ್ಮನ ಮುಖ ಕೆಂಪಾಯಿತು. "ನಮ್ಮಜ್ಜಿ ಕಾಲ್ದಿಂದ ಸುಣ್ಣ ತಿಂದಿವಿ, ಯಾರ್ಲಾ ಸತ್ತೋರು?"

"ಯಾರ್ ಉಳ್ದವ್ರೆ ಏಳಕ್ಕ," ಎಂದ ನಾಗಯ್ಯ.

ಜಗಳವಾಡಲು ಬಾಯಿ ತೆರೆದವಳು ಸುಣ್ಣ ಹತ್ತಿದ್ದ ತನ್ನ ಬೆರಳು ನೋಡಿಕೊಂಡಳು. ಈ ಕೈಯಿಂದಲೇ ಅಲ್ಲವೇ ಕೊಟ್ಟದ್ದು, ಒಂದು ದಿನವೂ ತಪ್ಪದೆ?

ಮರುದಿನದಿಂದ ಅವಳು ಪೊಲೀಸಾದಳು. ಐದೂವರೆಗೆ ತನ್ನ ಎದುರೇ ಮಾತ್ರೆ ನುಂಗಿಸಿ, ಬೆಂಚಿನ ಮೇಲೆ ಕೂರಿಸುತ್ತಿದ್ದಳು. ಎಲೆ ಚೀಲ ಅವಳ ಸೊಂಟದಲ್ಲಿ. ಸುತ್ತ ಎಲ್ಲರೂ ಕಾಫಿ ಹೀರುತ್ತಿದ್ದರೆ ಚಿಕ್ಕಸ್ವಾಮಿ ಲೋಟಗಳನ್ನೇ ನೋಡುತ್ತಿದ್ದ.

"ಒಂದ್ ಗುಟುಕು ಅಕ್ಕ."

"ಇನ್ನೂ ಅರ್ಧ ಗಂಟೆ ಅದೆ. ಆ ಕಡೆ ತಿರಿಕ್ಕಂಡ್ ಕೂತ್ಕೊ."

ಗಂಟೆ ಕಳೆದ ಮೇಲೆ ಮೆತ್ತಗಿನ ಇಡ್ಲಿ, ತೇಗಿಗೆ ಜೀರಿಗೆ ನೀರು. ಎಲೆ ಏನಿದ್ದರೂ ಮಧ್ಯಾಹ್ನ ಊಟವಾದ ಮೇಲೆ. ಎರಡು ತಿಂಗಳಿಗೆ ಮುಖದ ಊತ ಇಳಿಯಿತು, ಮಾತ್ರೆ ನೂರಕ್ಕೆ ಇಳಿಯಿತು. ಹೊಟ್ಟೆ ತಾನಾಗಿಯೇ ದಾರಿಗೆ ಬಂತು, ತೇಗು ಮಾತ್ರ ಪೂರ್ತಿ ಬಿಡಲಿಲ್ಲ. ಮೂರನೆಯ ತಿಂಗಳು ಮಹದೇವಯ್ಯ ಒಂದು ವಾರ ಪಕ್ಕದಲ್ಲೇ ಕೂತು ಪರೀಕ್ಷೆ ಮಾಡಿ, ಬಸ್ಸನ್ನು ಅವನ ಕೈಗೆ ಕೊಟ್ಟ.

ಅವನು ಇನ್ನೂ ಎಂಟು ವರ್ಷ ಓಡಿಸಿದ. ಮುದ್ದಮ್ಮ ಮಾತ್ರ ಒಂದು ದಿನವೂ ಆ ಬಸ್ಸು ಹತ್ತಲಿಲ್ಲ. ಒಲೆ ಬಿಟ್ಟು ಬರಕ್ಕಾಗಲ್ಲ ಎನ್ನುತ್ತಿದ್ದಳು. ಹುಲ್ಲಿನ ಮೆದೆಯ ಭಯ ಎಂದು ಅವನಿಗೂ ಗೊತ್ತಿತ್ತು.

ಕೆಲಸ ಬಿಡುವ ದಿನ ಅವನು ಅವಳ ಒಲೆಯ ಮುಂದೆ ಬಸ್ಸು ನಿಲ್ಲಿಸಿ ಇಳಿದು ಬಂದ.

"ಕಡೇ ಟ್ರಿಪ್ಪು ಕಣಕ್ಕ. ಒಲೆ ಆರ್ಸಿ ಬಸ್ ಅತ್ತು. ನನ್ ಪಕ್ಕದ ಸೀಟ್ ಇಡ್ದಿವ್ನಿ. ಆದ್ರೆ ಒಂದ್ ಮಾತು, ತಲಕಾಡ್ ಗಂಟ ನೀನು ತೂಕಡಿಸ್ಬಾರ್ದು. ನಾನ್ ಓಡ್ಸಾದ್ನ ನೋಡ್ಬೇಕು."