ಗೋಮಾಳಕ್ಕೆ ಕಟ್ಟಿದ ಕಂದಾಯ

ಹೆಬ್ಬಗೋಡಿಗೆ ಬಂದ ಮೊದಲ ದಿನ ನಾನು ಕನ್ನಡದಲ್ಲಿ ಬಾಡಿಗೆ ಮನೆ ಕೇಳಿದೆ. ಮನೆಯೊಡತಿ ಹಿಂದಿಯಲ್ಲಿ ಉತ್ತರ ಕೊಟ್ಟಳು. ಇಂಡಿ ತಾಲೂಕಿನ ಕಡೆಯ ನಮ್ಮ ಮಾತು ಅವಳ ಕಿವಿಗೆ ಕನ್ನಡವೇ ಆಗಿರಲಿಲ್ಲ. ನಾವು ಹೊರಟಾಗ ಅತ್ತೆ ಬೆಂಗಳೂರನ್ನು ಪರದೇಶ ಎಂದದ್ದಕ್ಕೆ ನಕ್ಕಿದ್ದೆ. ಅವತ್ತು ನಗು ಬರಲಿಲ್ಲ.

ನಮ್ಮವರು, ಶರಣಪ್ಪ, ಗೋಡೆ ಕಟ್ಟುವ ಗೌಂಡಿ ಕೆಲಸದವರು. ನನಗೆ ಬೊಮ್ಮಸಂದ್ರದ ಔಷಧ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ ಸಿಕ್ಕಿತು. ಜೋಳದ ರೊಟ್ಟಿ ಬಡಿದರೆ ಸದ್ದಾಗುತ್ತದೆ ಎಂದು ಕೆಳಗಿನ ಮನೆಯವರು ತಕರಾರು ತೆಗೆದರು. ಮುದ್ದೆ ನುಂಗುವುದನ್ನು ಕಲಿತೆ. ‘ಹೌದ್ರಿ’ ಬಿಟ್ಟು ‘ಹೂಂ ಕಣ್ರೀ’ ಅನ್ನುವುದನ್ನೂ ಕಲಿತೆ.

ಚಂದಾಪುರದ ಆಚೆ ಪಿಳ್ಳಪ್ಪ ಎಂಬ ಹಳೆಯ ರೈತರು ನಮಗೊಂದು ತುಂಡು ಜಾಗ ಮಾರಿದರು. ಅಲ್ಲಿ ರಿಜಿಸ್ಟ್ರಿ ಆಗುವುದಿಲ್ಲ, ಛಾಪಾ ಕಾಗದದ ಮೇಲೆ ಕರಾರು ಮಾತ್ರ. ಪಂಚಾಯ್ತಿಗೆ ಕಂದಾಯ ಕಟ್ಟಿಕೊಂಡು ಹೋದರೆ ಅದೇ ದಾಖಲೆ ಎಂದು ಎಲ್ಲರೂ ಹೇಳಿದರು. ಪಕ್ಕದ ಮನೆಯ ಹೆಂಗಸು ಮಾತ್ರ, ಅದು ಗೋಮಾಳ ಅಂದಿದ್ದಳು. ಬಡಾವಣೆಯ ಹೆಸರಿರಬೇಕು ಅಂದುಕೊಂಡೆವು.

ಶರಣಪ್ಪ ಭಾನುವಾರಗಳಲ್ಲಿ ಎರಡು ಕೋಣೆ ಕಟ್ಟಿದರು. ಪಂಚಾಯ್ತಿಯವನು ಬಂದು ಕಂದಾಯ ಹಾಕಿ, ರಶೀದಿಯಲ್ಲಿ ‘ಮಾಲೀಕರು’ ಎಂಬುದರ ಮುಂದೆ ಅವರ ಹೆಸರು ಬರೆದ. ಈ ಸೀಮೆಯಲ್ಲಿ ನಮ್ಮನ್ನು ಯಾರಾದರೂ ಹಾಗೆ ಕರೆದದ್ದು ಅದೇ ಮೊದಲು. ಹಬ್ಬಕ್ಕೆ ಸೀರೆ ಬಿಟ್ಟರೂ ಕಂದಾಯ ಬಿಡಲಿಲ್ಲ.

ಒಂದು ಬೆಳಿಗ್ಗೆ ಪೊಲೀಸರ ಜೊತೆ ಜೆಸಿಬಿ ಬಂತು. ನಾನು ರಶೀದಿಗಳನ್ನೆಲ್ಲ ಅಧಿಕಾರಿಯ ಮುಂದೆ ಹಿಡಿದೆ. ಅವರು ಒರಟಾಗಿ ಮಾತಾಡಲಿಲ್ಲ.

“ನೋಡಮ್ಮ, ಇದು ಗೋಮಾಳ. ದನ ಮೇಯೋಕೆ ಬಿಟ್ಟಿರೋ ಸರ್ಕಾರಿ ಜಾಗ. ತೆರಿಗೆ ಕಟ್ಟಿದ್ರೆ ನಿಮ್ಮದಾಗಲ್ಲ.”

ನಮ್ಮ ಕಡೆ ಅದಕ್ಕೆ ಗಾಯರಾಣ ಅನ್ನುತ್ತೇವೆ. ಆ ಹೆಂಗಸು ಗಾಯರಾಣ ಅಂದಿದ್ದರೆ ನಾವು ಅಲ್ಲಿ ಕಾಲಿಡುತ್ತಿರಲಿಲ್ಲ.

“ಹಂಗಾರ ನಮ್ಮ ಕಡಿಂದ ಕಂದಾಯ ಯಾಕ ತಗೊಂಡ್ರಿ?” ಎಂದು ಕೇಳಿದೆ. ಪಂಚಾಯ್ತಿಯನ್ನು ಕೇಳಿ ಎಂದರು. ಪಂಚಾಯ್ತಿಯಲ್ಲಿ, ನಾವು ತೆರಿಗೆ ತಗೊಂಡದ್ದು ಕಟ್ಟಡಕ್ಕೆ, ಜಾಗಕ್ಕಲ್ಲ ಎಂದರು. ಅಷ್ಟು ಹೊತ್ತಿಗೆ ಕಟ್ಟಡವೂ ಇರಲಿಲ್ಲ.

ಶರಣಪ್ಪ ಬಾಗಿಲ ಚೌಕಟ್ಟನ್ನು ತಾವೇ ಬಿಚ್ಚಿ ರಸ್ತೆ ಬದಿಗೆ ಒರಗಿಸಿ ಕೂತಿದ್ದರು. ಪಿಳ್ಳಪ್ಪನವರನ್ನು ಬೈಯಬೇಕೆಂದೇ ಹೋದೆವು. ಅವರ ದನದ ಕೊಟ್ಟಿಗೆಯನ್ನೂ ಕೆಡವಿದ್ದರು.

“ನಮ್ಮಪ್ಪನ ಕಾಲ್ದಿಂದ ಇಲ್ಲೇ ಮೇಯ್ಸಿದ್ದು ಕಣಮ್ಮ. ನಮ್ದೇ ಅನ್ಕಂಡಿದ್ವಿ,” ಎಂದು ತಲೆ ತಗ್ಗಿಸಿದರು. ನಾವು ಕೊಟ್ಟ ದುಡ್ಡು ಅವರ ಮಗಳ ಮದುವೆಗೆ ಹೋಗಿತ್ತು. ಶರಣಪ್ಪ ಎದ್ದು ಬಂದರು.

ಕೆಲವು ತಿಂಗಳ ಮೇಲೆ ಆ ಜಾಗದ ಸುತ್ತ ಕಾಂಪೌಂಡ್ ಕಟ್ಟಲು ಮೇಸ್ತ್ರಿ ಇವರನ್ನೇ ಕರೆದ. ಹೋಗಬೇಡಿ ಎಂದೆ. “ಕೆಲಸ ಅದ,” ಎಂದು ಹೋದರು. ಸಂಜೆ ಬಾಡಿಗೆ ಕೋಣೆಗೆ ಬಂದು ಊಟ ಮಾಡದೆ ಮಲಗಿದರು. ಮರುದಿನವೂ ಹೋದರು.

ಈ ಪಂಚಮಿಗೆ ಊರಿಗೆ ಹೋಗಿದ್ದೆವು. ನೆಗೆಣ್ಣಿ, ಇವರ ತಮ್ಮನ ಹೆಂಡತಿ, ಚಹಾ ಕೊಡುತ್ತ, ಎಷ್ಟು ದಿನ ಇರುತ್ತೀರಿ ಎಂದು ಕೇಳಿದಳು. ಕೇಳಿದ್ದರಲ್ಲಿ ಕೆಡುಕೇನೂ ಇರಲಿಲ್ಲ. “ನಾಳೆ ಮನಿಗೆ ಹೋಗ್ತೀವಿ,” ಅಂದುಬಿಟ್ಟೆ. ಶರಣಪ್ಪ ನನ್ನ ಮುಖ ನೋಡಿದರು. ಆ ಮಾತು ಆಡುವಾಗ ನನ್ನ ಕಣ್ಣ ಮುಂದೆ ಬಂದದ್ದು ಕಾಂಪೌಂಡಿನ ಒಳಗಿನ ಬಯಲು.