ಕಸಬರಿಗೆ ಕಡ್ಡಿಯ ಅಳತೆಗೆ ಒಂದು ಜೋಡಿ ಹಂಬಕರ್

ಗಿಟಾರ್ ಬಾರಿಸುವ ಹೆಣ್ಣುಮಗಳಿಗೆ ನಮ್ಮ ಕಡೆಯ ಜನ ಎರಡೇ ಪ್ರಶ್ನೆ ಕೇಳುತ್ತಾರೆ. ಮದುವಿ ಯಾವಾಗ? ಇದನ್ನ ಬಿಡೂದು ಯಾವಾಗ? ಮೊದಲನೆಯದಕ್ಕೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಎರಡನೆಯದಕ್ಕೆ ಮೈಯೆಲ್ಲ ಉರಿಯುತ್ತಿತ್ತು. ಐವತ್ತು ದಾಟಿದ್ದೇನೆ, ಈಗಲೂ ಉರಿಯುತ್ತದೆ.

ಆಗ ನಾನು ಶಹಾಪುರದ ಪಕ್ಕದ ಭೀಮರಾಯನಗುಡಿಯಲ್ಲಿ, ಕಾಲುವೆ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಅಪ್ಪ ಅದೇ ಕಾಲುವೆಯ ಗೇಟು ಏರಿಸಿ ಇಳಿಸುವ ಕೆಲಸದವರು. ಕ್ವಾರ್ಟರ್ಸಿನ ಹಿಂದೆ ಪ್ರತಿ ಸೋಮವಾರ ಭಜನೆ ನಡೆಯುತ್ತಿತ್ತು. ಅಲ್ಲಿ ತತ್ವಪದ ಹಾಡುವ ಮುದುಕರು ಒಂದು ಸ್ವರದಿಂದ ಇನ್ನೊಂದಕ್ಕೆ ಹೆಜ್ಜೆ ಇಡುತ್ತಿರಲಿಲ್ಲ, ಜಾರುತ್ತಿದ್ದರು. ನನ್ನ ಗಿಟಾರಿಗೆ ಗುರು ಅಂತ ಯಾರಾದರೂ ಇದ್ದರೆ ಆ ಮುದುಕರೇ. ಊರು ಬಿಟ್ಟು ಹೋಗುತ್ತಿದ್ದ ಚರ್ಚಿನ ವಾದ್ಯಗಾರರೊಬ್ಬರಿಂದ ಕೊಂಡ ಹಳೆಯ ಎಲೆಕ್ಟ್ರಿಕ್ ಗಿಟಾರಿನ ತಂತಿಯನ್ನು ಬೆರಳಲ್ಲಿ ಎಳೆದು, ಆ ಜಾರುವ ದನಿಯನ್ನು ತೆಗೆಯಲು ನನಗೆ ಮೂರು ವರ್ಷ ಹಿಡಿದಿತ್ತು. ಆಮೇಲೆ ಸುರಪುರದ ಒಂದು ಆರ್ಕೆಸ್ಟ್ರಾದಲ್ಲಿ ಸೇರಿದೆ. ಅದರ ಮಾಲೀಕರು ಕೀಬೋರ್ಡ್ ನುಡಿಸುತ್ತಿದ್ದರು. ಎಲ್ಲರೂ ಅವರನ್ನು ಮಾಸ್ತರ ಅಂತಲೇ ಕರೆಯುತ್ತಿದ್ದೆವು.

ತೊಂದರೆ ಒಂದೇ. ನನ್ನ ಗಿಟಾರ್ ಗುಂಯ್ ಅನ್ನುತ್ತಿತ್ತು. ಕಾಲುವೆಗೆ ನೀರು ಬಂದ ಮೇಲೆ ನಮ್ಮ ಸೀಮೆಯಲ್ಲಿ ಕಂಡಕಂಡಲ್ಲಿ ಪಂಪ್‌ಸೆಟ್ಟು ಕೂತಿದ್ದವು. ತ್ರೀ ಫೇಸ್ ಕರೆಂಟ್ ಬಂತೆಂದರೆ ಅಷ್ಟೂ ಮೋಟಾರುಗಳ ಗದ್ದಲ ನನ್ನ ಆಂಪ್ಲಿಫೈಯರಿನಲ್ಲೇ ಬಂದು ಕೂರುತ್ತಿತ್ತು. ಸುರಪುರದ ಒಂದು ಮದುವೆಯಲ್ಲಂತೂ ಹುಡುಗಿಯ ಸೋದರಮಾವ ಊಟದ ಎಲೆ ಬಿಟ್ಟು ಎದ್ದು ಬಂದು, "ಏ, ಇಲ್ಲಿ ಮೋಟಾರ್ ಎಲ್ಲಿ ನಡದದ? ಬಂದ್ ಮಾಡಸ್ರಿ ಮೊದ್ಲು," ಎಂದು ವೇದಿಕೆಯ ಕೆಳಗೆ ಹುಡುಕಿದ. ಜನ ಬಿದ್ದು ಬಿದ್ದು ನಕ್ಕರು.

ಅವತ್ತು ಸಾಮಾನು ಕಟ್ಟುವಾಗ ಮಾಸ್ತರ ನನ್ನನ್ನು ಕರೆದು, ಕೀಬೋರ್ಡಿನ ಒಂದು ಬಟನ್ ಒತ್ತಿ, ಹಾಡಿನ ಶುರುವಿಗೆ ನಾನು ಬಾರಿಸುವ ತುಂಡನ್ನೇ ಬಾರಿಸಿ ತೋರಿಸಿದರು.

"ನೋಡವ್ವ ತಂಗಿ, ಇದರಾಗೂ ಗಿಟಾರ್ ಅದ. ಬಟನ್ ಒತ್ತಿದ್ರ ಬರ್ತದ. ಗುಂಯ್ ಅನ್ನಂಗಿಲ್ಲ, ಊಟಾನೂ ಬೇಡಂಗಿಲ್ಲ. ಯಾದಗಿರಿ ಮದುವಿ ತನಕ ನೋಡ್ತೀನಿ. ಅಲ್ಲೂ ಹಿಂಗ ಆತಂದ್ರ ನೀ ಮನ್ಯಾಗ ಆರಾಮ ಇರು."

ಒಂದು ಬಟನ್! ಮೂರು ವರ್ಷ ಬೆರಳ ತುದಿ ಒಡೆದು ರಕ್ತ ಬಂದದ್ದು ಒಂದು ಬಟನ್ನಿಗೆ ಸಮ ಅಂತೆ. ಕಣ್ಣಲ್ಲಿ ನೀರು ಬಂತು. ಸಿಟ್ಟಿನ ನೀರು. "ಆಗ್ಲಿರಿ ಮಾಸ್ತರ. ಯಾದಗಿರ್ಯಾಗ ಕೇಳ್ರಿ," ಎಂದು ಗಿಟಾರ್ ಹೆಗಲಿಗೇರಿಸಿ ಶಹಾಪುರದ ಬಸ್ಸು ಹತ್ತಿದೆ. ಮದುವೆಗೆ ಇನ್ನು ಒಂದೂವರೆ ತಿಂಗಳಿತ್ತು.

ಶಹಾಪುರದಲ್ಲಿ ಗಿಟಾರ್ ರಿಪೇರಿ ಮಾಡುವವರು ಎಲ್ಲಿಂದ ಬರಬೇಕು? ನಾನು ಹೋದದ್ದು ಬಸ್‌ಸ್ಟ್ಯಾಂಡಿನ ಹಿಂದೆ ಮೋಟಾರ್ ವೈಂಡಿಂಗ್ ಮಾಡುವ ಚಾಚಾನ ಅಂಗಡಿಗೆ. ಸುಟ್ಟ ಪಂಪ್‌ಸೆಟ್ಟುಗಳ ನಡುವೆ, ವಾರ್ನಿಶ್ ವಾಸನೆಯಲ್ಲಿ, ಸ್ಟೂಲಿನ ಮೇಲೆ ಕೂತಿದ್ದರು. ಗಿಟಾರನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ಇಸಿದುಕೊಂಡು, ತಂತಿಗಳ ಕೆಳಗೆ ಕೂತು ಅವುಗಳ ದನಿ ಹಿಡಿಯುವ ಎರಡು ಪಿಕಪ್‌ಗಳನ್ನು ಬಿಚ್ಚಿದರು. ಒಂದೊಂದೂ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ಉದ್ದ. ಒಳಗೆ ಅಯಸ್ಕಾಂತ, ಅದರ ಮೇಲೆ ಕೂದಲಿಗಿಂತ ಸಣ್ಣ ತಾಮ್ರದ ತಂತಿ ಸುತ್ತಿದ ಎರಡೆರಡು ಕಾಯಿಲು.

"ಇದಕ್ಕೇನಂತಾರ ಬೇಟಿ?"

"ಹಂಬಕರ್ ಅಂತಾರ ಚಾಚಾ."

ಚಾಚಾ ಮೀಟರಿನ ಕಡ್ಡಿ ಹಚ್ಚಿ ನೋಡಿ, ಒಂದೇ ಗಳಿಗೆಯಲ್ಲಿ ರೋಗ ಹಿಡಿದರು. "ಎರಡು ಕಾಯಿಲ್ ಯಾಕ ಇಟ್ಟಾರ ಗೊತ್ತೇನು? ಒಂದರ ಉಲ್ಟಾ ಇನ್ನೊಂದು. ಹೊರಗಿನ ಗದ್ದಲ ಎರಡರಾಗೂ ಬರ್ತದ, ಒಂದಕ್ಕೊಂದು ಹೊಡದ್ಯಾಡಿ ಸಾಯ್ತದ. ತಂತಿ ದನಿ ಅಷ್ಟ ಉಳಿತದ. ನಿಂದರಾಗ ಒಂದೊಂದು ಕಾಯಿಲ್ ಶಾರ್ಟ್ ಆಗ್ಯಾವ. ಒಂಟೆತ್ತಿನ ಗಾಡಿ ನಡಸ್ಲಿಕತ್ತೀ ನೀ."

ನನ್ನ ತಪ್ಪಲ್ಲ ಅಂತ ತಿಳಿದು ಅಷ್ಟು ಸಂತೋಷ ಆದದ್ದು ಜೀವನದಲ್ಲಿ ಅದೇ ಮೊದಲು. ಹೊಸದಾಗಿ ಸುತ್ತಿಕೊಡಿ ಅಂದೆ. ಚಾಚಾ ತಮ್ಮ ದಪ್ಪ ಬೆರಳುಗಳನ್ನು ತೋರಿಸಿ ತಲೆಯಾಡಿಸಿದರು. ಪಂಪಿನ ತಂತಿ ಸುತ್ತಿದ ಕೈಗೆ ಇಷ್ಟು ಸಣ್ಣದು ಸಿಗುವುದಿಲ್ಲ, ಹೊಸ ಜೋಡಿ ತರಿಸು ಎಂದರು. ಹೈದರಾಬಾದಿನ ಅಂಗಡಿಯಲ್ಲಿ ಸಿಗುತ್ತವೆ ಎಂದು ಗೊತ್ತಿತ್ತು. ಯಾವುದನ್ನು ತರಿಸಬೇಕು ಅನ್ನುವುದು ಗೊತ್ತಿರಲಿಲ್ಲ.

ಅಲ್ಲೇ ನಾವಿಬ್ಬರೂ ಎಡವಿದೆವು. ನಮ್ಮ ಸೀಮೆಯಲ್ಲಿ ವೋಲ್ಟೇಜು ಯಾವತ್ತೂ ಕಮ್ಮಿ. ಅದಕ್ಕೇ ಮೂರು ಎಚ್‌ಪಿ ಸಾಕಾದ ಕಡೆ ಐದು ಕೂಡಿಸುತ್ತಾರೆ, ಐದರ ಕಡೆ ಏಳೂವರೆ. ಬಾವಿ, ಕಾಲುವೆ, ಹಿಟ್ಟಿನ ಗಿರಣಿ, ಎಲ್ಲದಕ್ಕೂ ಒಂದೇ ಬುದ್ಧಿ: ದೊಡ್ಡದು ತಗೋ, ಚಿಂತಿ ಇಲ್ಲ. "ಎಲ್ಲಕಿಂತ ಜೋರ್ ಇದ್ದದ್ದ ಹೇಳು ಬೇಟಿ," ಅಂದರು ಚಾಚಾ. ನಾನೂ ಎಸ್‌ಟಿಡಿ ಬೂತಿನಿಂದ ಹೈದರಾಬಾದಿಗೆ ಫೋನು ಹಚ್ಚಿ ಹಾಗೇ ಹೇಳಿದೆ. ಹತ್ತು ದಿನಕ್ಕೆ ಬಸ್ಸಿನಲ್ಲಿ ಪಾರ್ಸೆಲ್ ಬಂತು. ಚಾಚಾ ಮೀಟರ್ ಹಚ್ಚಿದರು: ಹದಿನಾರು ಸಾವಿರ ಓಮ್. ಹಳೆಯದು ಚೆನ್ನಾಗಿದ್ದ ಕಾಲಕ್ಕೂ ಅದರ ಅರ್ಧ ಇದ್ದಿರಬೇಕು. "ದುಪ್ಪಟ್ಟು!" ಎಂದು ಚಹಾ ತರಿಸಿದರು.

ಬೆಸುಗೆ ಹಾಕಿ ಮನೆಗೆ ತಂದು ಬಾರಿಸಿದೆ. ಗುಂಯ್ ಇರಲಿಲ್ಲ, ಖರೆ. ಆದರೆ ನನ್ನ ದನಿಯೂ ಇರಲಿಲ್ಲ. ಮುಟ್ಟಿದರೆ ಸಾಕು, ದಪ್ಪ ತಂತಿ ಗುಡುಗುತ್ತಿತ್ತು. ತೆಳ್ಳನೆಯ ತಂತಿ ಎಳೆದು ಜಾರಿಸಿದರೆ ಆ ಸಣ್ಣ ಎಳೆ ಎಲ್ಲೋ ಕೆಸರಲ್ಲಿ ಹೂತುಹೋಗುತ್ತಿತ್ತು. ಬಲವಾದ ಅಯಸ್ಕಾಂತ ತಂತಿಯನ್ನು ಹಿಡಿದೆಳೆದು, ದನಿ ಪೂರ್ತಿ ಹಬ್ಬುವ ಮೊದಲೇ ಕತ್ತು ಹಿಸುಕುತ್ತಿತ್ತು. ನಾನು ಮತ್ತೆ ಮತ್ತೆ ಅದೇ ತುಂಡು ಬಾರಿಸಿದೆ. ಕೊನೆಗೆ ಗಿಟಾರನ್ನು ಹಾಸಿಗೆಯ ಮೇಲೆ ಎಸೆದೆ.

ಅಪ್ಪ ಹೊಸ್ತಿಲಲ್ಲಿ ಕೂತು ಎಲೆ ಹಾಕುತ್ತಿದ್ದರು. ಸಂಗೀತ ಅವರಿಗೆ ಅಷ್ಟಕ್ಕಷ್ಟೇ. ತಿರುಗಿಯೂ ನೋಡದೆ, "ಗೇಟು ಪೂರ್ತಿ ಎತ್ತಿದಂಗ ಆಗೇತಿ ನೋಡು," ಅಂದರು. "ಮ್ಯಾಲಿನ ಹೊಲದವರು ಭತ್ತ ಹಚ್ಚಿ ಮುಳುಗಿಸ್ಯಾಡ್ತಾರ. ಕಾಲುವಿ ತುದಿಗೆ, ಟೇಲ್‌ಎಂಡಿಗೆ, ಹನಿ ನೀರು ಮುಟ್ಟಂಗಿಲ್ಲ. ನಿನ್ನ ಸಣ್ಣ ದನಿ ಟೇಲ್‌ಎಂಡಿನ್ಯಾಗ ಕುಂತೈತಿ."

ಅಪ್ಪ ನನ್ನ ಬಾರಿಸುವಿಕೆಯನ್ನು ಇಷ್ಟು ಗಮನಿಸಿ ಕೇಳುತ್ತಾರೆ ಅನ್ನುವುದು ಅವತ್ತಿನ ತನಕ ನನಗೆ ಗೊತ್ತಿರಲಿಲ್ಲ. ಮರುದಿನ ಚಾಚಾನಿಗೆ ಹೇಳಿದೆ. ಅವರು ಹಣೆ ಬಡಿದುಕೊಂಡರು. "ಓಮ್ ಅಂದ್ರ ಎಚ್‌ಪಿ ಅಲ್ಲ ಬೇಟಿ, ತಡಿಯೂದು ಅದು. ನಾ ಪಂಪಿನ ತಲಿ ಓಡಿಸ್ದೆ. ಈಗ ನೀನ ಹೋಗು, ನಿನ್ನ ಕಿವೀಲೆ ಆರ್ಸು."

ನಾನು ಹೊರಡುವ ಮುಂಚೆ ಜೋರಿನ ಜೋಡಿ ಬಿಚ್ಚಿಕೊಟ್ಟು, ಇನ್ನೊಂದು ಕೆಲಸ ಮಾಡಿದರು. ನಮ್ಮಲ್ಲಿ ಬೇರಿಂಗ್ ಕೊಳ್ಳಲು ಹೋಗುವ ರೈತ ಹಳೆಯದನ್ನು ಒಯ್ಯುವುದಿಲ್ಲ. ಕಸಬರಿಗೆಯ ಕಡ್ಡಿಯನ್ನು ಅಳತೆಗೆ ಮುರಿದು ಜೇಬಿನಲ್ಲಿಟ್ಟುಕೊಂಡು ಹೋಗುತ್ತಾನೆ. ಚಾಚಾ ಎರಡು ಕಡ್ಡಿ ಮುರಿದು, ಕತ್ತಿನ ಕಡೆ ಆರು ತಂತಿ ಎಲ್ಲೆಲ್ಲಿ ಹಾಯುತ್ತವೆಂದು ಒಂದಕ್ಕೆ, ತಂತಿಗಳ ಬುಡ ಕೂರುವ ಬ್ರಿಜ್ ಕಡೆ ಎಲ್ಲೆಲ್ಲಿ ಎಂದು ಇನ್ನೊಂದಕ್ಕೆ ಬ್ಲೇಡಿನಿಂದ ಆರಾರು ಗೀರು ಹಾಕಿದರು. ಬ್ರಿಜ್ ಕಡೆ ತಂತಿಗಳು ಅಗಲ ಹೋಗುವುದರಿಂದ ಆ ಕಡ್ಡಿ ಒಂದು ಎಳೆ ಉದ್ದವಿತ್ತು.

ಯಾದಗಿರಿಯಿಂದ ರೈಲಿನಲ್ಲಿ ಹೋದೆ. ಗಿಟಾರ್ ಚಾಚಾನ ಅಂಗಡಿಯಲ್ಲೇ ಉಳಿಯಿತು; ತೊಡೆಯ ಮೇಲಿನ ಚೀಲದಲ್ಲಿ ಹದಿನಾರು ಸಾವಿರ ಓಮಿನ ಜೋಡಿ, ಎರಡು ಕಸಬರಿಗೆ ಕಡ್ಡಿ. ಅಂಗಡಿಯವರು ಕಡ್ಡಿ ನೋಡಿ ನಕ್ಕರು. ನಾನು ನಗಲಿಲ್ಲ. ಒಂದೇ ಅಳತೆಯ ಎರಡು ತೆಗೆದು ಮುಂದಿಟ್ಟರು. ಉದ್ದದ ಕಡ್ಡಿ ಇಟ್ಟು ತೋರಿಸಿದೆ: ಅಂಚಿನ ಎರಡು ಗೀರುಗಳು ಪಿಕಪ್ಪಿನ ಮೇಲೆ ತಂತಿಗೊಂದರಂತಿದ್ದ ಮೊಳೆಗಳ ಸಾಲಿನಿಂದ ಹೊರಗುಳಿದಿದ್ದವು. ಅವರ ನಗು ನಿಂತಿತು. ಒಳಗೆ ಹೋಗಿ ಬೇರೆ ಡಬ್ಬಿ ತಂದರು. ಮತ್ತೆ ಅದೇ ಜೋರಿನದು.

"ಸಬ್ ಪೋಟ್ಟೇ ಯೇಹಿಚ್ ಲೇಜಾತೇ ಅಮ್ಮಾ." ಹುಡುಗರೆಲ್ಲ ಇದನ್ನೇ ಒಯ್ಯುತ್ತಾರಂತೆ.

"ಮೈ ಪೋಟ್ಟಾ ನಹೀ ಹೂಂ," ಅಂದೆ.

ಅಂಗಡಿಯಲ್ಲಿ ತೂಗುಹಾಕಿದ್ದ ಗಿಟಾರುಗಳಲ್ಲಿ ಬೇರೆ ಬೇರೆ ಹಂಬಕರ್ ಇದ್ದವು. ಒಂದೊಂದನ್ನೇ ಇಳಿಸಲು ಹೇಳಿದೆ. ಪ್ರತಿಯೊಂದರಲ್ಲೂ ಅದೇ ಒಂದು ಭಜನೆಯ ಸಾಲು. ಊಟದ ಹೊತ್ತಾಯಿತು, ನಾನು ಏಳಲಿಲ್ಲ. ಅವರು ಗಂಟಲು ಸರಿಮಾಡಿಕೊಂಡರು, ಗಡಿಯಾರ ನೋಡಿದರು, ಫ್ಯಾನು ಆರಿಸಿದರು. ಬೆವರುತ್ತಾ ಬಾರಿಸಿದೆ. ಏಳನೆಯದೋ ಎಂಟನೆಯದೋ ಗಿಟಾರಿನಲ್ಲಿ ತಂತಿ ಎಳೆದಾಗ, ನಮ್ಮ ಕ್ವಾರ್ಟರ್ಸಿನ ಹಿಂದಿನ ಮುದುಕ ದನಿ ಇಳಿಸಿಕೊಂಡು ಬಂದು ಪಕ್ಕದಲ್ಲೇ ಕೂತ ಹಾಗಾಯಿತು. ಎಂಟು ಸಾವಿರಕ್ಕೂ ಕಮ್ಮಿ ಓಮಿನ ಜೋಡಿ ಅದು, ಮೆತ್ತನೆಯ ಅಯಸ್ಕಾಂತದ್ದು. ಯಾರೂ ಒಯ್ಯದೆ ಅದರ ಡಬ್ಬಿಯ ಮೇಲೆ ಧೂಳು ಕೂತಿತ್ತು. "ಕಮ್‌ಜೋರ್ ಹೈ ಅಮ್ಮಾ," ಎಂದು ಎಚ್ಚರಿಸಿದರು. ಕಡ್ಡಿ ಎರಡನ್ನೂ ಇಟ್ಟು ನೋಡಿದೆ, ಗೀರುಗಳು ಸರಿ ಕೂತವು. ಜೋರಿನ ಜೋಡಿಯನ್ನು ಅವರಿಗೇ ಕೊಟ್ಟು ಕಮ್‌ಜೋರಿನದನ್ನು ಚೀಲಕ್ಕೆ ಹಾಕಿಕೊಂಡೆ.

ಗುರುವಾರ ಚಾಚಾ ಬೆಸುಗೆ ಹಾಕಿದರು. ಶುಕ್ರವಾರ ಯಾದಗಿರಿಯಲ್ಲಿ ಮದುವೆ. ಅಕ್ಷತೆ ಬಿದ್ದು ಊಟ ಶುರುವಾಗಿತ್ತು. ಕಲ್ಯಾಣ ಮಂಟಪದ ಹಿಂದೆ ಜನರೇಟರ್, ತಲೆಯ ಮೇಲೆ ಸಾಲು ಟ್ಯೂಬ್‌ಲೈಟು, ಅಡುಗೆಮನೆಯಲ್ಲಿ ದೊಡ್ಡ ಗ್ರೈಂಡರ್. ನನ್ನ ಗಿಟಾರಿಗೆ ಇಷ್ಟು ವೈರಿಗಳು ಒಂದೇ ಕಡೆ ಹಿಂದೆಂದೂ ಸೇರಿರಲಿಲ್ಲ. ಆಂಪ್ಲಿಫೈಯರ್ ಹಚ್ಚಿದೆ. ಏನೂ ಇಲ್ಲ.

"ಚಾಲೂ ಅದ ಏನು?" ಅಂದರು ಮಾಸ್ತರ.

ಒಂದು ತಂತಿ ಮುಟ್ಟಿದೆ. ಮಾಸ್ತರ ಹುಬ್ಬೇರಿಸಿದರು. ಒಂದು ಒಳ್ಳೆಯ ಮಾತು ಬರಬಹುದೆಂದು ಕಾದೆ. ನಾನೂ ಹುಚ್ಚಿ.

"ಗುಂಯ್ ಹೋತು, ಚಲೋ ಆತು. ಖರೆ ದನಿ ಸಣ್ಣ ಆತಲ್ಲವ್ವ. ಒಂದು ಕೆಲಸ ಮಾಡಮು. ಸುರುವಾತಿನ ತುಂಡು ನಾ ಕೀಬೋರ್ಡಿನ್ಯಾಗ ಹೊಡಿತೀನಿ. ನೀ ಹಿಂದ ಸುಮ್ನ ಸಾಥ್ ಕೊಡ್ತಿರು."

ಕುಣಿಯಲಾರದವಳಿಗೆ ನೆಲ ಡೊಂಕು ಅಂತಾರೆ. ನೆಲ ಸರಿಮಾಡಿಕೊಂಡು ಬಂದವಳಿಗೆ ಈಗ ಜಾಗವೇ ಇಲ್ಲ ಅನ್ನುತ್ತಿದ್ದರು. ಅಂದರೆ ಗುಂಯ್ ಅನ್ನುವುದು ನೆಪವಾಗಿತ್ತು. ಅದು ತಿಳಿದ ಕ್ಷಣ ನನ್ನ ಅಂಜಿಕೆಯೆಲ್ಲ ಹೋಗಿಬಿಟ್ಟಿತು.

"ಸುರುವಾತು ನಂದರಿ, ಮಾಸ್ತರ," ಅಂದೆ.

ಅವರು ಕೇಳದವರಂತೆ ಬಟನ್ ಒತ್ತಿ ಶುರು ಮಾಡಿದರು. ನಾನೂ ಶುರು ಮಾಡಿದೆ. ಗುಂಯ್ ಇದ್ದ ಕಾಲಕ್ಕೆ ಆಂಪ್ಲಿಫೈಯರಿನ ವಾಲ್ಯೂಮನ್ನು ಮೂರರ ಮೇಲೆ ಒಯ್ಯಲು ಧೈರ್ಯವಿರಲಿಲ್ಲ. ಅವತ್ತು ಆರಕ್ಕೆ ಒಯ್ದೆ. ಕಮ್‌ಜೋರ್ ಜೋಡಿ ಅಷ್ಟೂ ಜಾಗವನ್ನು ಕೆಸರು ಮಾಡದೆ ತುಂಬಿತು. ಒಂದೇ ಹಾಡಿನ ಒಂದೇ ತುಂಡು, ಎರಡು ಗಿಟಾರು. ಅವರದು ಮೆಟ್ಟಿಲು ಹತ್ತುತ್ತಿತ್ತು, ನನ್ನದು ಜಾರುತ್ತಿತ್ತು. ಮಾಸ್ತರ ನನ್ನ ಕಡೆ ಕಣ್ಣು ಬಿಟ್ಟರು. ನಾನು ಅವರ ಕಣ್ಣನ್ನೇ ನೋಡುತ್ತಾ ತಂತಿ ಎಳೆದೆ, ಇನ್ನೂ ಎಳೆದೆ, ಆ ಮುದುಕರು ಉಸಿರು ಮುಗಿಯುವ ತನಕ ಎಳೆಯುವ ಹಾಗೆ. ಊಟದ ಸಾಲಿನಲ್ಲಿ ಹುಗ್ಗಿ ಬಡಿಸುತ್ತಿದ್ದವರೊಬ್ಬರು ಸೌಟು ಹಿಡಿದುಕೊಂಡೇ ವೇದಿಕೆಯ ಕಡೆ ತಿರುಗಿ ನಿಂತರು. ಢೋಲಕ್ಕಿನವರು ಒಂದು ಸಲ ಮಾಸ್ತರನ್ನು ನೋಡಿ, ಒಂದು ಸಲ ನನ್ನನ್ನು ನೋಡಿ, ನನ್ನ ಎಳೆತಕ್ಕೆ ಪೆಟ್ಟು ಕೂಡಿಸಿದರು.

ಎರಡನೆಯ ಸಲ ಆ ತುಂಡು ಬಂದಾಗ ಮಾಸ್ತರ ಕೀಬೋರ್ಡಿನಿಂದ ಬೆರಳು ಎತ್ತಿದರು. ನಾನು ಎತ್ತಲಿಲ್ಲ.